ಎದ್ದು ನಡೆದ ಗಡಿಕಲ್ಲು

ಮಕ್ಕಳೇ, ಮುತ್ತುಗದ ಕಾಡಿನ ನಡುವೆ ಒಂದು ಸಣ್ಣ ನೀರಿನ ಕುಂಟೆ ಇತ್ತು. ಕುಂಟೆಯ ಮೇಲಿನ ಇಳಿಜಾರಿನಲ್ಲಿ ಎರಡೇ ಮನೆ. ಕೆಳಗಿನದು ಮುಳ್ಳುಹಂದಿ ಸಾಕವ್ವನ ಬಿಲ. ಮೇಲಿನದು ಚಿಪ್ಪುಹಂದಿ ಹಲಗಪ್ಪನ ಬಿಲ. ಅಲ್ಲಿಂದಾಚೆಗೆ ಗಂಟಲು ಹರಿಯುವ ಹಾಗೆ ಕೂಗಿದರೂ ಓ ಅನ್ನುವವರಿಲ್ಲ.

ಸಾಕವ್ವನ ಗಂಡ ತೀರಿಕೊಂಡಿದ್ದ. ಹಲಗಪ್ಪನಿಗೆ ಮದುವೆಯೇ ಆಗಿರಲಿಲ್ಲ. ಒಂದು ಸಲ ಹೆಣ್ಣು ನೋಡಲು ಹೋದವನು ನಾಚಿಕೆಗೆ ಸುತ್ತಿಕೊಂಡು ಉಂಡೆಯಾಗಿ ಕೂತನಂತೆ. ಮೂರು ದಿನ ಬಿಚ್ಚಿಕೊಳ್ಳಲೇ ಇಲ್ಲವಂತೆ. ಹೆಣ್ಣಿನ ಕಡೆಯವರು ಕಾದರು, ಉಂಡರು, ಕೈ ತೊಳೆದುಕೊಂಡು ಬೇರೆ ಗಂಡು ನೋಡಿದರು. ಚಿಪ್ಪುಹಂದಿಯ ಜಾತಿಯೇ ಹಾಗೆ. ಮನಸ್ಸಿಗೆ ಏನಾದರೂ ತಗುಲಿದರೆ ಬಾಯಿ ಬರಲ್ಲ, ಉಂಡೆಯಾಗಿಬಿಡುತ್ತೆ.

ಸಾಕವ್ವನದು ಇನ್ನೊಂದು ಚಾಳಿ. ಸಿಟ್ಟು ಬಂದರೆ ಎದುರಿನವರಿಗೆ ಬೆನ್ನು ತೋರಿಸಿ, ಮುಳ್ಳು ಕೆದರಿ, ಝಲ್ ಝಲ್ ಅನ್ನಿಸುತ್ತಾ ಹಿಂದುಹಿಂದಕ್ಕೆ ಬರುವಳು. ಬಯ್ಯುವುದೆಲ್ಲ ಬೆನ್ನಿನಿಂದಲೇ. ಮುಖ ನೋಡಿ ಬೈದ ಮುಳ್ಳುಹಂದಿಯನ್ನು ಯಾರೂ ಕಂಡಿಲ್ಲ.

ಆದರೂ ಇಬ್ಬರೂ ದಿನಾ ಹೊತ್ತು ಇಳಿಯುವಾಗ ತಂತಮ್ಮ ನೆಲದ ಅಂಚಿಗೆ ಬಂದು ಕೂರುತ್ತಿದ್ದರು. ಆಕೆ ಗೆಡ್ಡೆ ಕಡಿಯುವಳು. ಆತ ಬಾಗಿಲ ಪಕ್ಕದ ಹುತ್ತ ಕೆದಕಿ ಗೆದ್ದಲು ನೆಕ್ಕುವನು. ಒಬ್ಬರ ಊಟ ಇನ್ನೊಬ್ಬರಿಗೆ ಬೇಡ. ಅಂಥ ನೆರೆ ಸಿಗಬೇಕಾದರೆ ಏಳು ಜನ್ಮ ಪುಣ್ಯ ಮಾಡಿರಬೇಕು.

ಸಾಕವ್ವನ ಗಂಡ ತನಗೆ ಅಣ್ಣನ ಹಾಗಿದ್ದ ಅಂತ ಹಲಗಪ್ಪ ಆಕೆಯನ್ನು ಅತ್ತಿಗೆ ಅನ್ನುತ್ತಿದ್ದ. "ಅತ್ತಿಗೆಯಂತೆ ಅತ್ತಿಗೆ" ಅಂತ ಬೇಲದ ಮರದ ಮೇಲಿನ ಹರಟೆಮಲ್ಲ ಹಕ್ಕಿಗಳು ಮೂತಿ ತಿರುವುತ್ತಿದ್ದವು. ಏಳು ಅಕ್ಕತಂಗಿಯರು, ಒಂದು ಮರ. ಯಾವ ಕೊಂಬೆ ಯಾರದು ಅಂತ ಪಾಲಾಗದೆ ಬೆಳಗಿನಿಂದ ಬೈಗಿನ ತನಕ ಕಿತ್ತಾಟ. ಕಿತ್ತಾಡಿ ಬಾಯಿ ನೊಂದಾಗ ಕೆಳಗಿನ ಇಬ್ಬರ ಸುದ್ದಿ.

ಸುದ್ದಿಗೆ ಕೊರತೆಯೂ ಇರಲಿಲ್ಲ ಅನ್ನಿ. ಮಳೆಗಾಲ ಬಂತೆಂದರೆ ಸಾಕವ್ವನ ಬಿಲಕ್ಕೆ ನೀರು ನುಗ್ಗುತ್ತಿತ್ತು. ಆಗೆಲ್ಲ ಆಕೆ ಮೈ ಒದರಿಕೊಂಡು ಹಲಗಪ್ಪನ ಬಿಲಕ್ಕೆ ಹೋಗಿ ಹೊರಗಡೆಯ ಕೋಣೆಯಲ್ಲಿ ಇರುತ್ತಿದ್ದಳು. ಆತ ಒಳಗಡೆ, ಆಕೆ ಹೊರಗಡೆ, ನಡುವೆ ಮಣ್ಣಿನ ಗೋಡೆ. ಗೋಡೆಯ ಆಚೆ ಈಚೆ ಮಾತು. ಮರದ ಮೇಲಿನವರು ಮಾತ್ರ ಗೋಡೆಯ ಸಂಗತಿ ಬಿಟ್ಟು ಉಳಿದದ್ದನ್ನೆಲ್ಲ ಕಾಡಿಗೆ ಹಂಚಿದರು.

ಇನ್ನು ಗಡಿಯ ಮಾತಿಗೆ ಬರೋಣ. ಆ ಕಾಡಿನಲ್ಲಿ ಕಾಗದ ಪತ್ರ ಇಲ್ಲ. ಇಬ್ಬರೂ ನಿಂತು ಬಾಯಲ್ಲಿ ಹೇಳಿಕೊಂಡರೆ ಅದೇ ಗಡಿ. ಸಾಕವ್ವನ ಗಂಡ ಇದ್ದಾಗ, ಒಂದು ಬಿರುಬೇಸಿಗೆಯಲ್ಲಿ, ಅವನೂ ಹಲಗಪ್ಪನೂ ಹೀಗೆ ಹೇಳಿಕೊಂಡಿದ್ದರು: ಮೂಡಲ ತುದಿಗೆ ಬೇಲದ ಮರ, ಪಡುವಣ ತುದಿಗೆ ಕರೀ ಗುಂಡುಕಲ್ಲು, ಎರಡಕ್ಕೂ ನೇರ ಗೆರೆ, ಗೆರೆಯ ಕೆಳಗೆ ಸಾಕವ್ವನವರದು, ಮೇಲೆ ಹಲಗಪ್ಪನದು. ಹೇಳಿದರು, ನೆರಳಿಗೆ ಹೋಗಿ ಕೂತರು. ಕಲ್ಲನ್ನು ಮುಟ್ಟಿ ನೋಡಿದವರು ಯಾರೂ ಇಲ್ಲ.

ಗಂಡ ಸತ್ತ ಮೇಲೊಂದು ಸಲ ಆ ಕಡೆ ಗೇಣಯ್ಯ ಬಂದ. ಗೇಣಯ್ಯ ಅಂದರೆ ಹಸಿರು ಹುಳ. ಮುಂಗಾಲು ಊರಿ, ಬೆನ್ನನ್ನು ಬಿಲ್ಲಿನ ಹಾಗೆ ಎತ್ತಿ, ಹಿಂಗಾಲು ಎಳೆದು, ನೆಲಕ್ಕೆ ಗೇಣು ಹಾಕಿದ ಹಾಗೆ ನಡೆಯುತ್ತೆ ನೋಡಿ, ಅದೇ. ಕಾಡಿನ ಸರ್ವೆಯೆಲ್ಲ ಅವನದೇ. ಕೂಲಿ ಅಂತ ನಾಲ್ಕು ಚಿಗುರೆಲೆ ಕೊಟ್ಟರೆ ಸಾಕು.

ಗೇಣಯ್ಯ ನೆರಳಲ್ಲಿ ಕೂತು ತನ್ನ ಕೆಲಸ ವಿವರಿಸಿದ. ಅಳತೆಯಲ್ಲೂ ಬಗೆ ಇದೆಯಂತೆ. ನಿಮ್ಮ ನೆಲ ಎಲ್ಲಿಂದ ಎಲ್ಲಿಯ ತನಕ ಅಂತ ಅಳೆದು ಕಲ್ಲು ನೆಡುವುದು ಹದ್ದುಬಸ್ತು. ಅದು ಆಗಿದ್ದರೆ ನೆರೆಯವರ ನೆಲ ಯಾವುದು, ನಮ್ಮ ನೆಲ ಯಾವುದು ಅಂತ ಗೊತ್ತಿರುತ್ತೆ. ಒಂದೇ ನೆಲ ನಾಲ್ಕು ಜನರ ಹೆಸರಲ್ಲಿದ್ದರೆ ಅವರವರ ಪಾಲನ್ನು ಅಳೆದು ಬೇರೆ ಮಾಡುವುದು ಪೋಡಿ. "ಅದನ್ನ ಮಾಡಿಸದೇ ಇದ್ದರೆ ಹಾಗಾಗುತ್ತೆ" ಅಂತ ಹರಟೆಮಲ್ಲಗಳ ಕಡೆ ಕತ್ತೆತ್ತಿ ನೋಡಿದ. ಇನ್ನು ಮಟ್ಟ ನೋಡುವುದು. ನೆಲ ಎಲ್ಲಿ ಎತ್ತರ, ಎಲ್ಲಿ ತಗ್ಗು, ನೀರು ಯಾವ ಕಡೆ ಓಡುತ್ತೆ ಅಂತ ಮನೆ ತೋಡುವ ಮೊದಲೇ ತಿಳಿದುಕೊಳ್ಳುವುದು.

ಹಲಗಪ್ಪನಿಗೆ ಹಿಡಿಸಿತು. "ಅತ್ತಿಗೆ, ಹದ್ದುಬಸ್ತು ಮಾಡಿಸಿಬಿಡೋಣ. ನಾಲ್ಕು ಎಲೆ ನಾನೇ ಕಿತ್ತುಕೊಡ್ತೀನಿ" ಅಂದ.

ಸಾಕವ್ವನ ಮುಳ್ಳು ಒಂದೊಂದೇ ಎದ್ದವು. "ಯಾಕಪ್ಪ, ನಿನ್ನ ನೆಲ ನಾನು ಕದ್ದುಕೊಂಡು ಹೋಗ್ತೀನಾ? ನಮ್ಮ ಯಜಮಾನರು ಹೇಳಿದ ಮಾತಿಗಿಂತ ಈ ಹುಳ ಹೆಚ್ಚಾಯಿತಾ ನಿನಗೆ?"

ಹಲಗಪ್ಪ ತಲೆ ತಗ್ಗಿಸಿದ, ಬಾಲ ಎಳೆದುಕೊಂಡ, ಉಂಡೆಯಾದ.

ಗೇಣಯ್ಯ ಎದ್ದು ಹೊರಟ. ಹೋಗುವ ಮೊದಲು ಒಂದು ಮಾತು ಹೇಳಿದ: "ಅನುಮಾನ ಬಂದಿಲ್ಲದಾಗಲೇ ಅಳೆಸಬೇಕು ಅವ್ವ. ಬಂದ ಮೇಲೂ ನಾನು ಅಳೀತೀನಿ. ಆದರೆ ಆಗ ಗೆರೆ ನೆಲದ ಮೇಲಷ್ಟೇ ಅಲ್ಲ, ಮನಸ್ಸಿನ ಮೇಲೂ ಬೀಳುತ್ತೆ."

ಸಾಕವ್ವ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೆಯ ಸಂಜೆ ಇಬ್ಬರೂ ಏನೂ ಆಗದವರ ಹಾಗೆ ಬಂದು ಕೂತರು.

ಆದರೆ ಆ ಕರೀ ಗುಂಡುಕಲ್ಲು ಮಾತ್ರ ಒಂದು ಬೇಸಿಗೆಯಲ್ಲಿ ಇದ್ದ ಕಡೆ ಇನ್ನೊಂದು ಬೇಸಿಗೆಯಲ್ಲಿ ಇರುತ್ತಿರಲಿಲ್ಲ. ಮಳೆಗಾಲದಲ್ಲಿ ಹುಲ್ಲು ಎದೆಯೆತ್ತರ ಬೆಳೆಯುತ್ತಿತ್ತು, ಕಲ್ಲು ನೋಡುವವರು ಯಾರು? ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ನೋಡಿದರೆ ಕಲ್ಲು ಹೋದ ವರ್ಷಕ್ಕಿಂತ ಒಂದಿಷ್ಟು ಮೇಲೆ, ಹಲಗಪ್ಪನ ಕಡೆಗೆ. ಸಾಕವ್ವ ಗೆಡ್ಡೆ ಅಗೆಯುತ್ತಾ ಅಷ್ಟು ದೂರಕ್ಕೂ ಹೋಗುತ್ತಿದ್ದಳು. ಕಲ್ಲು ಸರಿದದ್ದು ಆಕೆಗೆ ಕಂಡಿರಲಿಲ್ಲ. ತನ್ನ ಕಡೆಗೆ ಹೆಚ್ಚಿಗೆ ಬಂದದ್ದು ಯಾರ ಕಣ್ಣಿಗೆ ಕಂಡೀತು ಹೇಳಿ. ಹಲಗಪ್ಪನಿಗೆ ಕಂಡಿತ್ತೋ ಏನೋ, ಅವನು ಬಾಯಿ ಬಿಡುವ ಪೈಕಿಯಲ್ಲ.

ಆ ವರ್ಷದ ಬೇಸಿಗೆಯಲ್ಲಿ ಹರಟೆಮಲ್ಲಗಳ ಹಿರಿಯಕ್ಕ ಮರ ಇಳಿದು ಬಂದಳು. ಅವಳು ಮರ ಇಳಿದಳು ಅಂದರೆ ಯಾರದೋ ಮನೆ ಮುರಿಯಿತು ಅಂತಲೇ ಲೆಕ್ಕ.

"ಸಾಕವ್ವ, ಕಣ್ಣು ನೆಟ್ಟಗಿದೆಯಾ? ಇಲ್ಲಿಂದ ನೋಡು. ಬೇಲದ ಮರ ಅಲ್ಲಿ, ಕರೀಕಲ್ಲು ಅಲ್ಲಿ. ಗೆರೆ ಎಳೆದರೆ ಹಲಗಪ್ಪನ ಬಾಗಿಲು ಯಾರ ಕಡೆಗೆ ಬಂತು? ನಿನ್ನ ನೆಲದಲ್ಲಿ ಮನೆ ಮಾಡಿಕೊಂಡು, ಮಳೆ ಬಂದಾಗ ನಿನಗೇ ಹೊರಗಿನ ಕೋಣೆ ಕೊಡ್ತಾನಲ್ಲ, ಅವನ ದೊಡ್ಡಸ್ತಿಕೆಗೆ ಏನು ಹೇಳೋಣ."

ಅಷ್ಟೇ. ಒಂದು ಕಡ್ಡಿ ಗೀರಿ ಹಾಕಿ ಹಕ್ಕಿ ಮರಕ್ಕೆ ಹಾರಿತು. ಜಗಳ ನೋಡೋಕೆ ಒಳ್ಳೆಯ ಕೊಂಬೆ ಬೇಕಲ್ಲ.

ಸಾಕವ್ವ ನೋಡಿದಳು. ಹೌದು, ಬಾಗಿಲು ತನ್ನ ಕಡೆಗೇ ಇತ್ತು. ಇಷ್ಟು ವರ್ಷ ತನ್ನದೇ ಮನೆಯ ಹೊರಗಡೆ ಬಿಟ್ಟಿ ಬಿದ್ದವಳ ಹಾಗೆ ಕೂತಿದ್ದೆನಾ ಅನ್ನಿಸಿತು. ಆ ಸಂಜೆ ಹಲಗಪ್ಪ ಎಂದಿನ ಹಾಗೆ ಬಂದು ಕೂರುವುದೇ ತಡ, ಆಕೆ ಬೆನ್ನು ತಿರುಗಿಸಿದಳು. ಮುಳ್ಳು ಕೆದರಿದಳು.

ಏನೇನು ಬೈದಳೋ, ಎಲ್ಲ ಬರೆಯುವುದು ಬೇಡ, ನೀವು ಮಕ್ಕಳು. ಅಣ್ಣ ಅಣ್ಣ ಅಂತ ಸತ್ತವರ ನೆಲಕ್ಕೆ ಬಾಯಿ ಹಾಕಿದೆ ಅಂದಳು. ಹೆಂಗಸು ಒಂಟಿ ಅಂತ ಸಸಾರವಾ ಅಂದಳು. ಕಡೆಗೆ ಆಡಬಾರದ ಮಾತನ್ನೂ ಆಡಿದಳು: "ಮಳೆ ಹಿಡಿಯೋ ಮುಂಚೆ ಬಿಲ ಬಿಟ್ಟು ನಡಿ. ನಿನ್ನ ಮುಖ ನನಗೆ ಕಾಣಿಸಬಾರದು."

ಹಿಂದಿನಿಂದ ಉತ್ತರ ಬರಲಿಲ್ಲ. ಬರುವುದು ಹೇಗೆ? ಹಲಗಪ್ಪ ಮೊದಲನೆಯ ಮಾತಿಗೇ ಉಂಡೆಯಾಗಿದ್ದ. ಕಳ್ಳ ಅಲ್ಲದಿದ್ದರೆ ಮಾತಾಡುತ್ತಿರಲಿಲ್ಲವಾ ಅಂದುಕೊಂಡಳು ಸಾಕವ್ವ. ಬೈದು ಬೈದು ಸುಸ್ತಾಗಿ, ಮುಳ್ಳು ತಾವಾಗಿಯೇ ಮಲಗಿದ ಮೇಲೆ ತಿರುಗಿ ನೋಡಿದಳು.

ಅಲ್ಲಿ ಉಂಡೆ ಇರಲಿಲ್ಲ. ಒಣಮಣ್ಣಿನ ಮೇಲೆ ಬಾಲ ಎಳೆದುಕೊಂಡು ಹೋದ ಒಂದು ಗೀಟು ಗುಡ್ಡದ ಕಡೆಗೆ ಹೋಗಿತ್ತು. ಅವನು ಯಾವಾಗ ಎದ್ದ, ಹೋಗುವ ಮುಂಚೆ ನಿಂತನಾ, ಏನಾದರೂ ಅಂದನಾ, ಯಾವುದೂ ಆಕೆಗೆ ಗೊತ್ತಿಲ್ಲ.

ಎಂಟು ದಿನಕ್ಕೆ ಮೊದಲ ಮಳೆ ಬಿತ್ತು. ಸಾಕವ್ವ ತನ್ನ ಗಡಿ ನೋಡಿಕೊಂಡು ಬರಲು ಹೋದಳು. ಕರೀ ಗುಂಡುಕಲ್ಲು ಅಲ್ಲಾಡಿತು. ಸಾಕವ್ವ ಹೌಹಾರಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಕಲ್ಲಿನಿಂದ ಒಂದು ಕತ್ತು ಹೊರಗೆ ಬಂತು. ಆಮೇಲೆ ನಾಲ್ಕು ಕಾಲು. ಕಲ್ಲು ಆಕಳಿಸಿತು. ಎದ್ದು ಕುಂಟೆಯ ಕಡೆಗೆ ನಡೆಯಿತು.

"ಏಯ್, ನಿಲ್ಲು. ನೀನು ಗಡಿಕಲ್ಲಲ್ಲವಾ?" ಅಂದಳು ಸಾಕವ್ವ.

"ನಾನು ಆಮೆ ಕಣಮ್ಮ. ಬೇಸಿಗೆಯಲ್ಲಿ ಕುಂಟೆ ಬತ್ತುತ್ತೆ, ಮೇಲೆ ಬಂದು ಬೆನ್ನಷ್ಟೇ ಹೊರಗೆ ಬಿಟ್ಟು ಮಣ್ಣು ಹೊದ್ದು ಮಲಗ್ತೀನಿ. ಮಳೆ ಬಂದರೆ ಏಳ್ತೀನಿ. ನಿನ್ನ ಗಡಿ ಕಾಯೋಕೆ ನನಗೇನು ಗ್ರಹಚಾರ?"

"ವರ್ಷಾ ವರ್ಷಾ ಅದೇ ಜಾಗದಲ್ಲಿ ಮಲಗಬಾರದಾಗಿತ್ತಾ?"

"ಮಣ್ಣು ಎಲ್ಲಿ ಮೆತ್ತಗಿದೆಯೋ ಅಲ್ಲಿ. ನೀನೇ ಗೆಡ್ಡೆ ಅಗೆದು ಅಗೆದು ಮೇಲುಮೇಲಕ್ಕೆ ಮೆತ್ತಗೆ ಮಾಡ್ತಾ ಹೋದೆ. ನಾನೂ ಮೇಲುಮೇಲಕ್ಕೆ ಹೋದೆ."

ನಮ್ಮ ಯಜಮಾನರು ಗಡಿ ಹೇಳಿದ ವರ್ಷ ಎಲ್ಲಿ ಮಲಗಿದ್ದೆ ಅಂತ ಕೇಳಿದಳು ಸಾಕವ್ವ. ಆಮೆ ಯೋಚಿಸಿ ಯೋಚಿಸಿ, ಆಗ ಮಣ್ಣೆಲ್ಲ ಗಟ್ಟಿ ಇತ್ತು, ಕೆಳಗಿನ ಹಾಸುಬಂಡೆಯ ಬಿರುಕಿನಲ್ಲಿ ಮಲಗಿದ್ದೆ ಅಂದಿತು. ಚಿಪ್ಪು ಉಜ್ಜಿದ ಗುರುತು ಇನ್ನೂ ಬಂಡೆಯ ಮೇಲಿದೆ, ಬೇಕಾದರೆ ಹೋಗಿ ನೋಡು ಅಂತ ಹೇಳಿ ನೀರಿಗಿಳಿಯಿತು.

ಆಗ ಆಕೆಗೆ ಗೇಣಯ್ಯನ ನೆನಪಾಯಿತು. ಮುತ್ತುಗದ ಮರ ಮರವನ್ನೂ ಹುಡುಕಿ ಕರೆತಂದಳು. ನಾಲ್ಕಲ್ಲ, ಒಂದು ಕೊಂಬೆ ಚಿಗುರನ್ನೇ ಮುಂದಿಟ್ಟಳು. ಅವನು ನಾಲ್ಕೇ ಎಲೆ ತಿಂದ. ಬೇಲದ ಮರದಿಂದ ಬಂಡೆಯ ಬಿರುಕಿನ ತನಕ ಗೇಣು ಗೇಣು ಅಳೆದ. ಗೆರೆಯಿಂದ ಹಲಗಪ್ಪನ ಬಾಗಿಲ ತನಕ ಅಳೆದ. ಮಳೆ ಬಂದಾಗ ನಿಂತ, ಬಿಟ್ಟಾಗ ಮತ್ತೆ ಮೊದಲಿನಿಂದ ಅಳೆದ.

"ಬಾಗಿಲು ಗೆರೆಯಿಂದ ಅರವತ್ತು ಗೇಣು ಮೇಲಿದೆ ಅವ್ವ. ಬಿಲವೆಲ್ಲ ಹಲಗಪ್ಪನದೇ. ನೀವು ಗೆಡ್ಡೆ ತೆಗೆದ ಈ ಪಟ್ಟಿಯೂ ಅವನದೇ."

ಸಾಕವ್ವ ತಾನು ಅಗೆದ ಗುಂಡಿಗಳಿಗೆ ಒಂದೊಂದಾಗಿ ಮಣ್ಣು ತಳ್ಳಿದಳು.

ಯಾರೂ ಕೇಳದೆಯೇ ಗೇಣಯ್ಯ ಮಟ್ಟವನ್ನೂ ನೋಡಿದ. "ನಿಮ್ಮ ಬಿಲ ನೀರು ಇಳಿಯುವ ದಾರಿಯಲ್ಲೇ ಇದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ತೋಡಿದ್ದರೆ ಒಂದು ಹನಿಯೂ ಬರುತ್ತಿರಲಿಲ್ಲ" ಅಂದ.

"ಬರದಿದ್ದರೆ ಅವನ ಮನೆಗೆ ಹೋಗೋಕೆ ನೆಪ ಎಲ್ಲಿತ್ತಪ್ಪ" ಅಂದಳು ಸಾಕವ್ವ.

ಗೇಣಯ್ಯ ಗೆರೆಯ ಎರಡು ತುದಿಗೂ ನಡುವಿಗೂ ಕಲ್ಲು ನೆಡಿಸಿದ. ಈ ಸಲ ಸಾಕವ್ವ ಒಂದೊಂದನ್ನೂ ತಟ್ಟಿ, ಉರುಳಿಸಿ, ಕಾಲಿದೆಯಾ ಅಂತ ನೋಡಿ ನೆಟ್ಟಳು. ಹರಟೆಮಲ್ಲಗಳ ಹಿರಿಯಕ್ಕ ಮರದಿಂದಲೇ, ನಾನು ಆಗಲೇ ಅಂದುಕೊಂಡಿದ್ದೆ, ಹಲಗಪ್ಪ ಅಂಥವನಲ್ಲ ಅಂತ ಅಂದಳು.

ಸಾಕವ್ವ ಗುಡ್ಡದ ನೆತ್ತಿಯ ತನಕ ಹತ್ತಿ ಕೂಗಿದಳು. "ಹಲಗಪ್ಪ, ಅಳೆಸಿದೆ ಕಣಪ್ಪ. ಎಲ್ಲ ನಿನ್ನದೇ. ಬಾ." ಗುಡ್ಡದಾಚೆ ಇನ್ನೊಂದು ಗುಡ್ಡ, ಅದರಾಚೆ ಇನ್ನೊಂದು. ಓ ಅನ್ನುವವರು ಯಾರೂ ಇರಲಿಲ್ಲ. ಬಾಲ ಎಳೆದ ಗೀಟನ್ನು ಮಳೆ ಎಂದೋ ತೊಳೆದಿತ್ತು.

ಸಾಕವ್ವ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೊಸ ಬಿಲ ತೋಡಿಕೊಂಡಳು. ಒಂದು ಹನಿ ನೀರು ಬರಲಿಲ್ಲ. ಗಡಿಯ ಕಲ್ಲು ಅಲ್ಲಾಡಲಿಲ್ಲ. ಯಾವ ತಕರಾರೂ ಇಲ್ಲ. ತಕರಾರು ಮಾಡೋಕಾದರೂ ಒಬ್ಬರು ಬೇಕಲ್ಲ.

ಈಗಲೂ ಹೊತ್ತು ಇಳಿಯುವಾಗ ಆಕೆ ನಡುಗಲ್ಲಿನ ಹತ್ತಿರ ಬಂದು ಕೂರುತ್ತಾಳೆ, ಹಲಗಪ್ಪನ ಬಾಗಿಲ ಕಡೆಗೆ ಮುಖ ಮಾಡಿ. ಬಾಗಿಲ ಪಕ್ಕದ ಹುತ್ತವನ್ನು ಕೆದಕುವವರಿಲ್ಲ. ಗೆದ್ದಲು ಮಣ್ಣಿನ ಮೇಲೆ ಮಣ್ಣು ಏರಿಸುತ್ತಲೇ ಇದೆ. ಮೊದಲ ವರ್ಷ ಹುತ್ತ ಬಾಗಿಲಿನ ಅರ್ಧಕ್ಕೆ ಬಂದಿತ್ತು. ಈ ವರ್ಷ ಬಾಗಿಲು ಕಾಣಿಸುತ್ತಿಲ್ಲ.

ನೀತಿ: ಸ್ನೇಹ ಇರುವಾಗಲೇ ಗಡಿ ಅಳೆಸಿದರೆ ನೆಲವೂ ಉಳಿಯುತ್ತದೆ, ನೆರೆಯವರೂ ಉಳಿಯುತ್ತಾರೆ, ಜಗಳವಾದ ಮೇಲೆ ಅಳೆಸಿದರೆ ನೆಲ ಒಂದೇ ಉಳಿಯುತ್ತದೆ.