ಬಿಲ್ಲೆಯ ಬೆನ್ನು

ಕೆಂಗಲ್ಲುದುರ್ಗದ ನಾಲ್ಕು ಬಾಗಿಲಲ್ಲೂ ಡಂಗುರ ಸಾರಿದರು. "ಹಾಲುಕಣಿವೆ ಕಾಳಗದ ಬಿಲ್ಲೆಗಳಲ್ಲಿ ದಿಟ ಯಾವುದು, ಸಟೆ ಯಾವುದು ಎಂದು ಬಲ್ಲವರು ಅರಮನೆಗೆ ಬರತಕ್ಕದ್ದು. ಅರಸು ಬೊಮ್ಮನಾಯಕರು ಕೇಳುವ ಮೂರು ಒಗಟು ಬಿಡಿಸಿದವರಿಗೆ ಬಿಲ್ಲೆಮನೆಯ ಪಾರುಪತ್ಯ, ಜೊತೆಗೆ ಬೇಡಿದ ಒಂದು ವಸ್ತು. ತಪ್ಪಿದವರಿಗೆ ಶೂಲ."

ಏಳು ವರ್ಷದ ಹಿಂದೆ ಕಣಿವೆ ಕಾಯಲು ಮುನ್ನೂರು ಆಳು ಹೊರಟಾಗ, ಹೊರಡುವ ದಿನ ಬೆಳಿಗ್ಗೆ ಒಬ್ಬೊಬ್ಬನ ಎದೆಗೂ ಒಂದು ಹಿತ್ತಾಳೆ ಬಿಲ್ಲೆ ಹೊಲಿದು ಕಳಿಸಿದ್ದರು. ತಿಂಗಳುಗಟ್ಟಲೆ ಬಿಸಿಲಲ್ಲಿ ಕಾದು ಕಾಳಗ ಗೆದ್ದ ಮೇಲೆ ಬಿಲ್ಲೆ ತೋರಿಸುವವರು ಮೂರು ಸಾವಿರವಾದರು. ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಬರವೇ? ಅರಸನಿಗೋ ಬಿಲ್ಲೆ ಕೂಡಿಸಿ ಬಿಲ್ಲೆಮನೆ ತುಂಬುವ ಹುಚ್ಚು. ತನಗೆ ಸಟೆ ಮಾರಿದವರ ಮೇಲಿನ ಸಿಟ್ಟನ್ನು ಅವನು ಈಗ ಊರಿನ ಮೇಲೆ ತೀರಿಸಿಕೊಳ್ಳಲು ಕೂತಿದ್ದ.

ಮಡಿವಾಳರ ಕಾಟಯ್ಯ ಡಂಗುರ ಕೇಳಿ ಒಗೆಯುವ ಕಲ್ಲಿನಿಂದ ಎದ್ದ. ಅವನ ಅಣ್ಣ ದ್ಯಾವ ಆ ಮುನ್ನೂರರಲ್ಲಿ ಒಬ್ಬ. ಹೋದವನು ಬರಲಿಲ್ಲ. 'ಬೆನ್ನು ತೋರಿಸಿ ಓಡಿದವನು' ಎಂದು ಅರಮನೆಯ ಕಡತದಲ್ಲಿ ಬರೆದರು. ಅಂದಿನಿಂದ ಊರಿನವರು ಆ ಮನೆಗೆ ಬಟ್ಟೆ ಹಾಕುವುದನ್ನು ಬಿಟ್ಟರು; ಸಿಪಾಯಿಗಳ ಹರಕಲು ಮಾತ್ರ ಉಳಿಯಿತು. ಅವ್ವ ಬಾವಿಗೆ ಹೋದರೆ ಉಳಿದ ಹೆಂಗಸರು ಕೊಡ ಎತ್ತಿಕೊಂಡು ನಡೆಯುತ್ತಿದ್ದರು.

"ಹೋಗಬ್ಯಾಡ ಕಣಪ್ಪ, ಒಬ್ಬನ್ನ ನುಂಗಿದ ಮನೆ ಅದು" ಎಂದಳು ಅವ್ವ.

"ಅಣ್ಣನ ಒಂದು ಚೂರಾದ್ರೂ ಅಲ್ಲಿದ್ರೆ ತರ್ತೀನಿ" ಎಂದು ಕಾಟಯ್ಯ ಹೊರಟ.

ಓಲಗದಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಅರಸ ಎರಡು ಬಿಲ್ಲೆ ಇಟ್ಟ ತಟ್ಟೆ ತರಿಸಿ ಮೊದಲ ಒಗಟು ಹೇಳಿದ: "ಇವನು ಲೋಕಕ್ಕೆಲ್ಲ ಮುಖ ತೋರಿಸುತ್ತಾನೆ, ಮುಖದಲ್ಲಿ ಸುಳ್ಳಾಡುತ್ತಾನೆ, ನಿಜವನ್ನು ಮಾತ್ರ ಯಾರಿಗೂ ಕಾಣದ ಕಡೆ ಇಟ್ಟುಕೊಂಡಿದ್ದಾನೆ. ಇಬ್ಬರಲ್ಲಿ ನಿಜವಾಗಿ ಆಳಿನ ಎದೆಯೇರಿದವನು ಯಾರು?"

ಅಕ್ಕಸಾಲಿ ರೇವಣಾಚಾರಿ ಮುಖ ಸವೆದದ್ದನ್ನು ಎತ್ತಿ ಹಿಡಿದ. ಅವನನ್ನು ಎಳೆದುಕೊಂಡು ಹೋದರು. ಸರದಾರ ರುದ್ರೋಜಿ ಉಳಿದದ್ದನ್ನು ಎತ್ತಿ ಬಚಾವಾದ. ಅವನಿಗೆ ಹತ್ತು ಬಿಲ್ಲೆ ಹರಡಿ ಎರಡನೆಯ ಒಗಟು ಹಾಕಿದರು: "ಹೋರಾಡುವ ಮುಂಚೆಯೇ ಗೆದ್ದವನು ಯಾರು?"

"ತಾವೇ, ಮಹಾಸ್ವಾಮಿ" ಎಂದ ರುದ್ರೋಜಿ ಹಲ್ಲು ಕಿರಿಯುತ್ತ.

"ಬಿಲ್ಲೆ ತೋರಿಸೆಂದರೆ ನನ್ನನ್ನು ತೋರಿಸುತ್ತಾನೆ. ಎಳೆಯಿರಿ" ಎಂದ ಅರಸ.

ಕಾಟಯ್ಯನಿಗೆ ಬೇರೆ ತಟ್ಟೆ ಬಂತು. ಅದರಲ್ಲಿ ಎರಡರ ಮುಖವೂ ಸವೆದಿತ್ತು. ಅವನು ಎರಡನ್ನೂ ಮಗುಚಿ ಬೆನ್ನಿನ ಮೇಲೆ ಹೆಬ್ಬೆರಳಾಡಿಸಿ ಒಂದನ್ನು ಮುಂದಿಟ್ಟ. "ಮುಖವನ್ನ ಮರಳಲ್ಲಿ ಯಾರು ಬೇಕಾದ್ರೂ ಉಜ್ಜಬಹುದು, ಬುದ್ಧಿ. ನಡೆಯೋನ ಅಂಗಿ ಉಜ್ಜೋದು ಬೆನ್ನನ್ನ. ಇದರ ಬೆನ್ನು ನುಣ್ಣಗಾಗೈತೆ. ಎಷ್ಟೋ ಸಲ ಹುಣಸೆಹಣ್ಣಲ್ಲಿ ತಿಕ್ಕಿದ ಹಸಿರು ಕಿಲುಬೂ ಗೆರೆಯೊಳಗೆ ಕೂತೈತೆ."

ಅರಸನ ಹುಬ್ಬು ಗಂಟಾಯಿತು. ಹತ್ತು ಬಿಲ್ಲೆ ಹರಡಿದರು. ಕಾಟಯ್ಯ ಎಲ್ಲಕ್ಕಿಂತ ಚೆಂದದ್ದನ್ನು ಆರಿಸಿ ಆಚೆ ತಳ್ಳಿದ. "ಹೋರಾಡದೆ ಗೆದ್ದೋನು ಇವನೇ. ಮೈಮೇಲೆ 'ಜಯ' ಅಂತ ಬರಕೊಂಡವನೆ. ಬಿಲ್ಲೆ ಕೊಟ್ಟಿದ್ದು ಹೊರಡೋ ದಿನ. ಗೆಲ್ತೀವೋ ಸಾಯ್ತೀವೋ ಅಂತ ಅವತ್ತು ಯಾರಿಗೆ ಗೊತ್ತಿತ್ತು?"

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಬಟ್ಟೆ ಒಗೆಯುವವನು ತನ್ನೆದುರು ಎರಡು ಗೆದ್ದನಲ್ಲ ಎಂದು ಅರಸನಿಗೆ ಮೈಯೆಲ್ಲ ಉರಿಯಿತು. ಅವನು ಬರೆಸಿಟ್ಟಿದ್ದ ಮೂರನೆಯ ಒಗಟನ್ನು ಹರಿದು ಹಾಕಿ ಕೆಳಗಿಳಿದು ಬಂದ. ಹಬ್ಬಹುಣ್ಣಿಮೆಗೆ ತೊಡುವ ಕಾಳಗದ ಅಂಗಿ ಮೈಮೇಲಿತ್ತು, ಎದೆಯಲ್ಲಿ ಬಿಲ್ಲೆ. "ಇದನ್ನು ತೊಟ್ಟು ಕಣಿವೆಯಲ್ಲಿ ನಿಂತವನು ನಾನು. ಸುಳ್ಳಾಡಲು ಬಾರದ, ಯಾರಿಗೂ ಅಂಜದ ಒಬ್ಬ ಸಾಕ್ಷಿ ಈ ಬಿಲ್ಲೆಗಿದ್ದಾನೆ. ಯಾರವನು?"

ಅರಸನೇ ಸಾಕ್ಷಿ ಎಂದರೆ ರುದ್ರೋಜಿಯ ದಾರಿ. ಅಲ್ಲ ಎಂದರೆ ರಾಜದ್ರೋಹ. ಸಭೆಗೆ ಇದು ತಿಳಿಯಿತು, ಎಲ್ಲರೂ ನೆಲ ನೋಡಿದರು. ಕಾಟಯ್ಯ ಮಾತ್ರ ಅರಸನ ಕೊರಳಪಟ್ಟಿಯ ಒಳಮಗ್ಗುಲನ್ನು ನೋಡುತ್ತಿದ್ದ. ಅಲ್ಲಿ ಮೂರು ಚುಕ್ಕೆ, ಒಂದು ಓರೆಗೆರೆ. ಅವನು ಒಂದು ಹೆಜ್ಜೆ ಮುಂದೆ ಬಂದ.

"ಬಿಲ್ಲೆ ದಿಟದ್ದೇ, ಒಡೆಯ. ಸಾಕ್ಷಿ ಅದರ ಬೆನ್ನಹಿಂದೆ ಅವನೆ. ಬಿಚ್ಚಿಸಿ."

ಬಿಚ್ಚದಿದ್ದರೆ ಅಂಜಿದ ಎನ್ನುತ್ತಾರೆ. ಅರಸ ಹಲ್ಲು ಕಡಿದು ಚೂರಿಯಿಂದ ಹೊಲಿಗೆ ಕೊಯ್ದ. ಬಿಲ್ಲೆಯ ಕೆಳಗೆ ಅಂಗಿಗೆ ಈಟಿ ಇರಿದ ತೂತಿತ್ತು. ತೂತಿನ ಸುತ್ತ ಕಂದು ಕಲೆ. ಕೆಂಪು ಅಂಗಿಯೆಲ್ಲ ಮಾಸಿದ್ದರೂ ಎರಡು ಬೆರಳಾಚೆ ಬಿಲ್ಲೆಯಗಲದ ಬಟ್ಟೆ ಬಿಸಿಲು ಕಾಣದೆ ಕಡುಕೆಂಪಾಗಿಯೇ ಉಳಿದಿತ್ತು.

"ಬಿಲ್ಲೆ ಮೊದಲಿದ್ದ ಜಾಗ ಅದು" ಎಂದ ಕಾಟಯ್ಯ. "ತೂತು ಮುಚ್ಚಕ್ಕೆ ಈ ಕಡೆಗೆ ಸರಿಸಿ ಹೊಲಿದವ್ರೆ. ಒಡೆಯರ ಎದೆ ಮೇಲೆ ಗಾಯ ಇದ್ರೆ ಅಂಗಿ ಒಡೆಯರದು. ಇಲ್ದಿದ್ರೆ ಕೊರಳಪಟ್ಟಿ ನೋಡಿ. ಕರಿಗೇರಿನ ರಸದಲ್ಲಿ ಹಾಕಿದ ಗುರುತದು. ಉಬ್ಬೆಗಿಟ್ಟು ನೂರು ಸಲ ಬೇಯಿಸಿದ್ರೂ ಹೋಗಾಕಿಲ್ಲ. ಮನೆಗೊಂದು ಗುರುತು. ಅರಮನೆ ಬಟ್ಟೆಗೆ ಏನು ಗುರುತು ಅಂತ ನಿಮ್ಮ ಮಡಿವಾಳರನ್ನೇ ಕೇಳಿ."

ಅರಮನೆಯ ಮುದಿ ಮಡಿವಾಳ ಸಿದ್ದಯ್ಯ ಕೈಮುಗಿದ. "ಅರಮನೆಗೆ ಅರ್ಧಚಂದ್ರ, ಬುದ್ಧಿ. ಮೂರು ಚುಕ್ಕೆ ಇವರ ಮನೇದು."

"ಅಂಗಿ ನನ್ನಣ್ಣ ದ್ಯಾವಂದು. ಬೆನ್ನ ಕಡೆ ಒಂದು ಗೀರೂ ಇಲ್ಲ, ನೋಡ್ಕಳಿ. ಓಡೋನಿಗೆ ಈಟಿ ಎದೆಗೆ ಹೆಂಗೆ ಬೀಳ್ತದೆ?"

ಹೆಣದ ಮೈಯಿಂದ ಬಿಚ್ಚಿದವರ ಹತ್ತಿರ ಅರಸ ಆ ಅಂಗಿ ಕೊಂಡಿದ್ದ. ಕಾಳಗದ ದಿನ ಅವನಿದ್ದದ್ದು ಮೂರು ಹರದಾರಿ ಹಿಂದಿನ ಗುಡಾರದಲ್ಲಿ. ಈಗ ಇವನನ್ನು ಕೊಂದರೆ ಉತ್ತರ ಸರಿಯೆಂದು ತಾನೇ ಸಾರಿದಂತೆ. ಅವನು ಅಂಗಿ ಕಿತ್ತು ಕಾಟಯ್ಯನ ಮುಖಕ್ಕೆ ಎಸೆದ, ಬಿಲ್ಲೆಯನ್ನೂ ಎಸೆದ. ಎದೆಯ ಮೇಲೆ ಸೊಳ್ಳೆ ಕಚ್ಚಿದ ಗುರುತೂ ಇರಲಿಲ್ಲ.

"ಬೇಡಿದ ವಸ್ತು ಇದೇ ತಾನೆ? ಬಿಲ್ಲೆಮನೆ ನಿನ್ನದು. ತೊಲಗು."

ಪಾರುಪತ್ಯಗಾರನಾಗಿ ಕಾಟಯ್ಯ ಮಾಡಿದ ಮೊದಲ ಕೆಲಸ ಕಡತ ತರಿಸಿ ಅಣ್ಣನ ಹೆಸರಿನ ಮುಂದಿದ್ದ ಸಾಲನ್ನು ಹೊಡೆದುಹಾಕಿಸಿದ್ದು.

ಅವ್ವ ಅಂಗಿಯ ಮೂರು ಚುಕ್ಕೆಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಅತ್ತಳು. ಆಮೇಲೆ ಎದ್ದು ಅದನ್ನು ಕಲ್ಲಿಗೆ ಎತ್ತಿ ಬಡಿದಳು.

"ಅವ್ವಾ, ಅಣ್ಣನ ರಕ್ತ ಐತಲ್ಲೇ ಅದರಲ್ಲಿ."

"ಅದು ಹೋಗಾಕಿಲ್ಲ. ಅರಸನ ಮೈಲಿಗೆ ಹೋಗ್ಲಿ" ಎಂದಳು.

ಏಳು ನೀರು ಕಂಡ ಅಂಗಿಯನ್ನು ಬಾವಿಯ ದಾರಿಗೆ ಎದೆ ಕಾಣುವಂತೆ ಹರವಿದಳು. ನೀರಿಗೆ ಬಂದ ಹೆಂಗಸರು ತೂತು ನೋಡಿದರು, ಕೊಡ ಇಳಿಸಿದರು. ಒಬ್ಬಳು ಸರಿದು ಅವ್ವನಿಗೆ ಹಗ್ಗ ಕೊಟ್ಟಳು.