ಮ್ಯಾನೇಜರ್ ಮನೆಗೆ ನಲವತ್ತು ಟ್ಯಾಂಕು

ನಮ್ಮ ನೀರಿನ ಟ್ಯಾಂಕ್ ಕಂಪನಿಯ ದಾವಣಗೆರೆ ಆಫೀಸಿನಲ್ಲಿ ಗಿರಾಕಿಗಳ ಆರ್ಡರನ್ನು ಕಂಪ್ಯೂಟರಿಗೆ ಹಾಕುವವಳು ಕೊಟ್ರಮ್ಮ. ಅವಳಂಥ ಇನ್ನೊಬ್ಬಳನ್ನು ನಾನು ನೋಡಿಲ್ಲ.

ತಿಂಗಳ ಕೊನೆಯ ದಿನ ಮ್ಯಾನೇಜರ್ ತಿಪ್ಪೇಸ್ವಾಮಿ ಬಂದು ಅವಳ ಮೇಜು ಗುದ್ದಿದರು. "ಟಾರ್ಗೆಟ್‌ಗೆ ನಲವತ್ತು ಟ್ಯಾಂಕ್ ಕಡಿಮೆ ಇದೆ. ಒಂದು ಆರ್ಡರ್ ಹಾಕು."

"ಗಿರಾಕಿ ಯಾರು ಸಾರ್?"

"ಯಾರದೋ ಒಂದು ಹೆಸರು, ಯಾವುದೋ ಒಂದು ವಿಳಾಸ! ಹಾಕದಿದ್ರೆ ನಾಳೆಯಿಂದ ಬರಬೇಡ."

ಹೋದ ಸಲ ಹೀಗೇ ಹಾಕಿಸಿ, ಸುಳ್ಳು ಹೊರಬಿದ್ದಾಗ "ಟೈಪಿಂಗ್ ತಪ್ಪು" ಅಂತ ಅವಳ ತಲೆಗೇ ಕಟ್ಟಿದ್ದರು. ಈ ಸಲ ಕೊಟ್ರಮ್ಮ ಒಂದು ಹೆಸರು, ವಿಳಾಸ ಟೈಪ್ ಮಾಡಿದಳು. "ಒಮ್ಮೆ ಓದಿ ಒಪ್ಪಿಗೆ ಕೊಡಿ ಸಾರ್" ಅಂದಳು. ಅವರು ಫೋನಿನಲ್ಲಿ ಮಾತಾಡುತ್ತಲೇ ತಮ್ಮ ಪಾಸ್‌ವರ್ಡ್ ಒತ್ತಿ ಹೋದರು.

ನಾಲ್ಕನೇ ದಿನ ತಿಪ್ಪೇಸ್ವಾಮಿಯವರ ಮನೆ ಮುಂದೆ ಲಾರಿ ನಿಂತಿತು. ಗೇಟು, ಸ್ಕೂಟರು, ತುಳಸಿಕಟ್ಟೆ ಎಲ್ಲ ಕಪ್ಪು ಟ್ಯಾಂಕುಗಳ ಹಿಂದೆ ಮರೆಯಾದವು. ಹೆಂಡತಿಯ ಫೋನ್ ಬಂದದ್ದೇ ತಡ, ಅವರು ಕೊಟ್ರಮ್ಮನ ಮುಂದೆ ಕೆಂಡವಾದರು.

"ನನ್ನ ಹೆಸರು ಹಾಕು ಅಂತ ಯಾರು ಹೇಳಿದ್ರು?"

"ಯಾರದಾದ್ರೂ ಹಾಕು ಅಂದ್ರಲ್ಲ ಸಾರ್. ಊರವರ ಹೆಸರನ್ನ ಕೇಳದೆ ಹೇಗೆ ಹಾಕಲಿ? ನೀವಾದ್ರೆ ಒಪ್ಪಿಗೆ ಕೊಟ್ಟಿದ್ದೀರಿ."

ತಿಪ್ಪೇಸ್ವಾಮಿ ಎದುರಿನ ಕುರ್ಚಿಯಲ್ಲಿ ಕುಸಿದು, "ರದ್ದು ಮಾಡಮ್ಮ" ಅಂದರು ಮೆಲ್ಲಗೆ.

ಕೊಟ್ರಮ್ಮ ಬಿಳಿ ಹಾಳೆ, ಪೆನ್ನು ಮುಂದಿಟ್ಟಳು. "ರದ್ದು ಮಾಡೋಕೆ ಗಿರಾಕಿ ಕಾರಣ ಬರೆದು, ಸಹಿ ಹಾಕಿ ಹೆಡ್ ಆಫೀಸಿಗೆ ಕಳಿಸಬೇಕು ಸಾರ್. ಹೋದ ಸಲ ಗಿರಾಕಿನೇ ಇರಲಿಲ್ಲ, ನನ್ನ ಕೈಲಿ ಬರೆಸಿದ್ರಿ. ಈ ಸಲ ಗಿರಾಕಿ ಎದುರಿಗೇ ಕೂತಿದ್ದಾರೆ."