ಹೊಸ್ತಿಲ ಮೇಲೆ ಕೂತ ಸೆಲ್ಮಮ್ಮ

ಹಿಂದೆ, ಎಷ್ಟು ಹಿಂದೆ ಅಂತ ಯಾರೂ ಕೇಳಬೇಡಿ, ಕೃಷ್ಣೆಯ ದಂಡೆಯಲ್ಲಿ ನೇಕಾರರ ಊರೊಂದಿತ್ತಂತೆ. ಆ ಊರಿಗೆ ಕಡಲಾಚೆಯಿಂದ ಒಬ್ಬ ಡಾಕ್ಟರಮ್ಮ ಬಂದಳಂತೆ. ಹೆಸರು ಸೆಲ್ಮಾ, ಊರವರ ಬಾಯಲ್ಲಿ ಸೆಲ್ಮಮ್ಮ. ಯಹೂದಿ ಜನದವಳು. ಅವಳ ದೇಶದಲ್ಲಿ ದೊಡ್ಡ ಯುದ್ಧ ನಡೆದಾಗ, ಯಹೂದಿ ಅನ್ನುವ ಒಂದೇ ಕಾರಣಕ್ಕೆ ಮನೆಮಂದಿಯನ್ನೆಲ್ಲ ಹಿಡಿದು ಮುಳ್ಳುತಂತಿಯೊಳಗೆ ಹಾಕಿದ್ದರಂತೆ. ಬದುಕಿ ಹೊರಬಂದವಳು ಅವಳೊಬ್ಬಳೇ.

ಸೆಲ್ಮಮ್ಮನ ಕೈಗುಣ ದೊಡ್ಡದಂತೆ. ನಾಡಿ ಹಿಡಿದರೆ ಸಾಕು, ಜ್ವರ ಇಳಿಯುತ್ತಿತ್ತು ಅನ್ನುತ್ತಾರೆ. ಇರಲಿ, ಹೇಳುವವರನ್ನು ತಡೆಯುವವರು ಯಾರು. ಆದರೆ ಅವಳ ಆಸ್ಪತ್ರೆಗೆ ಬಾಗಿಲೇ ಇರಲಿಲ್ಲ ಅನ್ನುವುದು ಮಾತ್ರ ನಿಜ. ಬಂದ ದಿನವೇ ಬಡಗಿಯನ್ನು ಕರೆಸಿ ಕದ ಕಿತ್ತು ಹಾಕಿಸಿದಳಂತೆ. ಎಲ್ಲಾದರೂ ಅಗುಳಿ ಬಿದ್ದ ಸದ್ದಾದರೆ ಕೈಯಲ್ಲಿದ್ದ ಔಷಧಿ ಚೆಲ್ಲಿಬಿಡುತ್ತಿದ್ದಳಂತೆ. ಊರ ಹೆಂಗಸರು ಮುಸಿಮುಸಿ ನಗುತ್ತಿದ್ದರು. ಆಸ್ಪತ್ರೆಯ ಕಸ ಗುಡಿಸುತ್ತಿದ್ದ ನಿಂಬೆವ್ವ ಮಾತ್ರ ನಗಲಿಲ್ಲ, ಅವಳೊಬ್ಬಳಿಗೆ ಸೆಲ್ಮಮ್ಮ ಕಾರಣ ಹೇಳಿದ್ದಳು.

ಆ ಮುಳ್ಳುತಂತಿಯ ಸೆರೆಯಲ್ಲಿ ಕಾಯಿಲೆ ಬಿದ್ದವರನ್ನೆಲ್ಲ ಒಂದು ಕೊಟ್ಟಿಗೆಗೆ ಹಾಕಿದ್ದರಂತೆ. ನೋಡಿಕೊಳ್ಳುತ್ತಿದ್ದವಳು ಸೆಲ್ಮಮ್ಮ. ಔಷಧಿಯಿಲ್ಲ, ಬರಿಯ ಕೈ. ಒಂದು ಮುಂಜಾನೆ ಕಾವಲಿನವನು ಅವಳನ್ನು ಕರೆದು, ಹೊರಗೆ ಬಾ, ಬರುವಾಗ ಬಾಗಿಲು ಎಳೆದುಕೊಂಡು ಬಾ ಅಂದನಂತೆ. ಅವನ ಕೈಯಲ್ಲಿ ಬಂದೂಕಿತ್ತು. ಎಳೆದುಕೊಂಡು ಬಂದಳಂತೆ. ಒಳಗಿದ್ದವರನ್ನು ಮತ್ತೆ ಯಾರೂ ಕಾಣಲಿಲ್ಲ.

ಹೀಗಿರುವಾಗ ಊರಿಗೆ ಕಾಲರಾ ಬಂತು. ಮಗ್ಗದ ಸದ್ದು ನಿಂತಿತು. ಬೆಳಿಗ್ಗೆ ನೀರಿಗೆ ಹೋದವಳು ಸಂಜೆಗೆ ಇರುತ್ತಿರಲಿಲ್ಲ. ಊರ ಗೌಡ ದ್ಯಾಮನಗೌಡ ಕೆಟ್ಟವನೇನಲ್ಲ, ಜೀವದಾಸೆಗೆ ಹೆದರಿದವನು. ಬೇನೆ ಬಿದ್ದವರನ್ನೆಲ್ಲ ಅರಳೆ ಗೋದಾಮಿಗೆ ಹಾಕಿ ಹೊರಗಿನಿಂದ ಅಗುಳಿ ಜಡಿಯಬೇಕು ಅಂತ ಅಪ್ಪಣೆ ಮಾಡಿದ. ನಿಂಬೆವ್ವನನ್ನೂ ಹೊತ್ತೊಯ್ದರು. ಬಾಗಿಲು ಬಿತ್ತೆಂದರೆ ಬಾಯಿಗೆ ಹನಿ ನೀರು ಬಿಡುವವರಿಲ್ಲದೆ ಒಳಗೇ ಸಾಯಬೇಕಿತ್ತು.

ಸೆಲ್ಮಮ್ಮ ಓಡಿ ಬಂದಳು. ಒಳಗೆ ನುಗ್ಗಿ, ಕಾಯಿಸಿದ ನೀರಿಗೆ ಉಪ್ಪು ಬೆಲ್ಲ ಕದಡಿ ನಿಂಬೆವ್ವನ ಬಾಯಿಗೆ ಬಿಡತೊಡಗಿದಳು. ಗೌಡ ದೂರದಲ್ಲೇ ನಿಂತು ಕೂಗಿದ.

"ಡಾಕ್ಟರಬಾಯಿ, ನೀವು ಹೊರಗ ಬರ್ರಿ. ಬರೂ ಮುಂದ ಬಾಗಲಾ ಎಳಕೊಂಡು ಬರ್ರಿ."

ಅದೇ ಮಾತು. ಬೇರೆ ದೇಶ, ಬೇರೆ ಭಾಷೆ, ಆದರೂ ಅದೇ ಮಾತು. ಸೆಲ್ಮಮ್ಮನ ಕಾಲು ತಾನಾಗಿಯೇ ಎದ್ದು ನಡೆಯಿತಂತೆ. ಕೈ ತಾನಾಗಿಯೇ ಚಿಲಕ ಹಿಡಿಯಿತಂತೆ. ನಿಂಬೆವ್ವ ಮಲಗಿದಲ್ಲಿಂದಲೇ ನೋಡುತ್ತಿದ್ದಳು, ಕರೆಯಲು ದನಿ ಇರಲಿಲ್ಲ. ಹೋದಳು, ನಮ್ಮ ಕಥೆ ಮುಗಿಯಿತು ಅಂದುಕೊಂಡಳಂತೆ.

ಹೊಸ್ತಿಲವರೆಗೆ ಬಂದವಳು ದಾಟಲಿಲ್ಲ. ಅದರ ಮೇಲೆಯೇ ಕುಸಿದು ಕೂತುಬಿಟ್ಟಳು.

ಹೊಸ್ತಿಲ ಮೇಲೆ ಯಾರಾದರೂ ಕೂರುತ್ತಾರೆಯೇ? ಅರಿಶಿನ ಕುಂಕುಮ ಹಚ್ಚುವ ಜಾಗ. ಮಕ್ಕಳು ಕೂತರೂ ಬೆನ್ನಿಗೊಂದು ಬೀಳುತ್ತದೆ. ಏಳ್ರವ್ವಾ, ಅಪಶಕುನ ಅಂತ ಗೌಡನ ಆಳುಗಳು ಗೋಗರೆದರಂತೆ. ಎಳೆದು ಹಾಕೋಣವೆಂದರೆ ಬೇನೆಯವರನ್ನು ಮುಟ್ಟಿದ ಮೈ. ಯಾರೂ ಹತ್ತಿರ ಹೋಗಲಿಲ್ಲ.

ಆಗ ಅವಳ ಮುಖದಲ್ಲಿ ಬೆಳಕು ಹೊಮ್ಮಿತು ಅನ್ನುತ್ತಾರೆ, ಹೆಣ್ಣುಹುಲಿಯಂತೆ ಗುಡುಗಿದಳು ಅನ್ನುತ್ತಾರೆ. ಎಲ್ಲ ಸುಳ್ಳು. ಬದುಕಿ ಬಂದ ನಿಂಬೆವ್ವ ಹೇಳಿದ್ದು ಬೇರೆ. ಸೆಲ್ಮಮ್ಮ ಗಡಗಡ ನಡುಗುತ್ತಿದ್ದಳಂತೆ. ಹಲ್ಲು ಕಟಕಟ ಅನ್ನುತ್ತಿದ್ದವಂತೆ. ಭಯಕ್ಕೆ ಉಟ್ಟ ಬಟ್ಟೆ ಒದ್ದೆಯಾಗಿತ್ತಂತೆ.

"ನನಗ ಭಾಳ ಹೆದರಿಕಿ ಆಗೇತ್ರಿ, ಗೌಡ್ರ," ಅಂದಳಂತೆ. "ಆದ್ರ ಈ ಬಾಗಲಾ ನಾ ಎಳಿಯಾಂಗಿಲ್ಲ."

ಕದ ಬೀಳಲಿಲ್ಲ. ತೆರೆದ ಬಾಗಿಲಲ್ಲಿ ತಮ್ಮವರು ನರಳುವುದು ಎಲ್ಲರಿಗೂ ಕಾಣುತ್ತಿತ್ತು. ಎಷ್ಟು ಹೊತ್ತು ಸುಮ್ಮನೆ ನಿಂತಾರು? ನಿಂಬೆವ್ವನ ಗಂಡ ಮೊದಲು ಕೊಡ ಹೊತ್ತು ಬಂದ, ಆಮೇಲೆ ಒಬ್ಬೊಬ್ಬರೇ ಬಂದರು. ಕೆಲವರು ಸತ್ತರು, ಬಹಳ ಜನ ಉಳಿದರು. ಸತ್ತವರು ಯಾರದಾದರೂ ಕೈ ಹಿಡಿದೇ ಸತ್ತರು.

ಈಗಲೂ ಆ ಊರಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಆ ಮನೆಯ ಅಗುಳಿ ಹಾಕುವುದಿಲ್ಲ. ಮನೆಯವರಲ್ಲಿ ಒಬ್ಬರು ಹೊಸ್ತಿಲ ಮೇಲೆ ಕೂರುತ್ತಾರೆ. ಬೇರೆ ದಿನ ಬೈಯುವ ಮುದುಕಿಯರೂ ಅಂದು ಬೈಯುವುದಿಲ್ಲ, ಸೆರಗು ಬಿಗಿ ಹಿಡಿದು ಪಕ್ಕದಿಂದ ದಾಟಿ ಹೋಗುತ್ತಾರೆ. ಕೂತವರಿಗೆ ಹೆದರಿಕೆಯಾದರೆ ಆಗಲಿ ಬಿಡು, ಏಳಬೇಡ ಅಷ್ಟೇ ಅನ್ನುತ್ತಾರಂತೆ.